ಚೇಳು ಹಚ್ಚೆಯ ಕೈ

"ಏ ಬಾಈ, ಕಿಸಕಾ ಹಾಥ್, ಕಿಸಕೇ ಸಾಥ್?"

ಮೂರನೇ ಟೇಬಲ್ಲಿನವನು ಕೂಗಿದ. ಅವನ ಜೊತೆಗಿದ್ದವರು ಟೇಬಲ್ ಬಡಿದು ನಕ್ಕರು. ಒಬ್ಬ ಎದ್ದು ಬಂದು ಗಾಜಿಗೆ ಮೂಗು ಹಚ್ಚಿದ. ಗಾಜಿನ ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಅವ್ವನ ಬಲ ಮುಂಗೈಯನ್ನು ನೋಡಿದ. "ತೋಚ್ ರೇ, ತೋಚ್ ಹಾತ್! ವಿಂಚೂ ಬಘ್!" ಎಂದು ಹಿಂದಿರುಗಿ ಕೂಗಿದ. ಅದೇ ಕೈ, ಚೇಳು ನೋಡು.

ಅವ್ವ ತಲೆ ಎತ್ತಲಿಲ್ಲ. ಅವಳ ಅಂಗೈ ಕೆಳಗೆ ಹಿಟ್ಟು ಸುತ್ತುತ್ತಲೇ ಇತ್ತು. ತುಟಿ ಮಾತ್ರ ಅಲುಗಿತು.

"ನಿನ್ನ ಮೂಗಿಗಿ ಹಂಚಿನ ಚಟಕಿ ಕೊಡಲಿ, ಭಾಡ್ಯಾ."

ಕನ್ನಡ ಬಾರದ ಅವನು ನಗುತ್ತಲೇ ಹೋಗಿ ಕುಳಿತ. ನಾನು ಅವ್ವನ ಹಿಂದೆ ಈರುಳ್ಳಿ ಹೆಚ್ಚುತ್ತಿದ್ದೆ. ಎದ್ದು ಏನಾದರೂ ಅನ್ನಬೇಕಿತ್ತು. ಮರಾಠಿಯಲ್ಲಿ ವಾಕ್ಯವನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಅವರಿಗೆ ಮಜ್ಜಿಗೆ ಬಂದಿತ್ತು, ಕುಡಿಯತೊಡಗಿದ್ದರು.

ಚಿಕಲಠಾಣಾದ ವಿಮಾನ ನಿಲ್ದಾಣದ ಕಡೆಯ ಈ ಹೋಟೆಲಿನ ಮಾಲೀಕ ಯತಿರಾಜ್ ಕಾರ್ಕಳದ ಕಡೆಯವರು. ಇಡ್ಲಿ ದೋಸೆಯ ಹೋಟೆಲು. ನಾವು ಅವ್ವ ಮಗಳು ಕಲಬುರಗಿಯ ಆಳಂದದವರು. ನಾವು ಬಂದ ಮೇಲೆ ಅವ್ವನ ಜೋಳದ ರೊಟ್ಟಿ ತಿಂದು ನೋಡಿ, ಅವರೇ ಬಾಗಿಲ ಪಕ್ಕದಲ್ಲಿ ಗಾಜಿನ ಕೋಣೆಯೊಂದನ್ನು ಕಟ್ಟಿಸಿದರು. ಮೇಲೆ 'ಕೈಯಲ್ಲಿ ಬಡಿದ ಭಾಕರಿ' ಎಂದು ಮರಾಠಿಯಲ್ಲಿ ಬೋರ್ಡು. ಬೋರ್ಡಿನಲ್ಲಿ ಎರಡು ಕೈಗಳ ಚಿತ್ರ. ಜನ ಗಾಜಿನ ಮುಂದೆ ನಿಂತು ಫೋಟೊ ತೆಗೆಯುತ್ತಿದ್ದರು. ಕಾರ್ಖಾನೆ ಶಿಫ್ಟಿನವರು, ವೇರೂಳದ, ಅಂದರೆ ಎಲ್ಲೋರಾದ, ಗುಹೆ ನೋಡಲು ಬಂದವರು, ಎಲ್ಲರೂ. ಅವ್ವನಿಗೆ ಅದೊಂದು ಹೆಮ್ಮೆ. "ದೇವರ ಗುಡಿಯಾಗ ನಿಂತಂಗ ನಿಂದರ್ತಾರ ನೋಡವ್ವ," ಎನ್ನುತ್ತಿದ್ದಳು.

ಆ ಗಾಜಿನ ಕೋಣೆಯ ಮೇಲೆಯೇ ಟಿವಿ ಇದೆ. ದೀಪಾವಳಿಯಾದ ಮೇಲೆ ಅದರಲ್ಲಿ ಆ ಜಾಹೀರಾತು ಬರತೊಡಗಿತು.

ಅದರ ಉದ್ದ ಮೂವತ್ತು ಸೆಕೆಂಡು. ನಾನು ಹನ್ನೊಂದು ಸಲ ನೋಡಿ ಗುರುತು ಹಾಕಿಕೊಂಡಿದ್ದೇನೆ, ತಪ್ಪಾಗಬಾರದು ಎಂದು. ಬಿಳಿ ಅಡುಗೆಮನೆ. ಬಿಳಿ ಫ್ರಾಕಿನ ಹುಡುಗಿ. ಎಡಗಡೆಯಿಂದ ಒಂದು ಕಪ್ಪು ಕೈ ಬರುತ್ತದೆ. ಹಸಿರು ಬಳೆ, ಉಗುರಲ್ಲಿ ಮಣ್ಣು, ಮುಂಗೈ ಮೇಲೆ ಚೇಳಿನ ಹಚ್ಚೆ. ಕೈಯಲ್ಲಿ ದ್ರಾಕ್ಷಿ ಗೊಂಚಲು. ಮುಖವಿಲ್ಲ. ಹುಡುಗಿ ಕೈ ಚಾಚುತ್ತಾಳೆ. ಕೈಯಿಂದ ಹಸಿರು ಹುಳಗಳು ಎದ್ದು ದ್ರಾಕ್ಷಿಯ ಮೇಲೆ ಹರಿದಾಡುತ್ತವೆ. ತಾಯಿ ಹುಡುಗಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಆಗ ಗಂಡಸಿನ ದನಿ: ಕಿಸಕಾ ಹಾಥ್, ಕಿಸಕೇ ಸಾಥ್? ಯಾರ ಕೈ, ಯಾರ ಸಂಗಡ? ಆಮೇಲೆ ಕೈತೊಳೆಯುವ ನೀಲಿ ಸಾಬೂನು ನೀರು, ನೊರೆ, ಉಂಗುರ ತೊಟ್ಟ ಬಿಳಿ ಕೈ. ಅದೇ ದ್ರಾಕ್ಷಿಯನ್ನು ಹುಡುಗಿ ಬಿಳಿ ಕೈಯಿಂದ ತಿನ್ನುತ್ತಾಳೆ. ಕಪ್ಪು ಕೈ ಕಾಣುವುದು ನಾಲ್ಕು ಸೆಕೆಂಡು.

ಆ ಕೈ ಅವ್ವನದು. ಕೊಡಿಸಿದವಳು ನಾನು.

ಹಿಂದಿನ ವರ್ಷ ನಾವು ನಿಫಾಡಿನ ದ್ರಾಕ್ಷಿ ತೋಟದಲ್ಲಿದ್ದೆವು. ಅಕ್ಟೋಬರಿನಲ್ಲಿ ಬಳ್ಳಿ ಸವರಿದ ಮೇಲೆ, ಕಡ್ಡಿಯ ಕಣ್ಣುಗಳು ಚಿಗುರಲೆಂದು ಔಷಧ ಒರೆಸುವ ಕೆಲಸ. ಯಾವುದಕ್ಕೆ ಒರೆಸಿದೆವು, ಯಾವುದಕ್ಕೆ ಇಲ್ಲ ಎಂದು ಗೊತ್ತಾಗಲಿ ಅಂತ ಔಷಧಕ್ಕೆ ಕೆಮ್ಮಣ್ಣಿನ ಬಣ್ಣ ಕಲಸುತ್ತಾರೆ. ಒಂದು ವಾರಕ್ಕೆ ಕೈಯ ಚರ್ಮ ಸುಲಿದು, ಸುಲಿದ ಜಾಗಕ್ಕೆ ಬಣ್ಣ ಇಳಿಯುತ್ತದೆ. ಆಗ ಒಂದು ದಿನ ಜಾಹೀರಾತು ತೆಗೆಯುವವರ ಎರಡು ಗಾಡಿ ಬಂದವು. ಟೋಪಿ ಹಾಕಿದ ಅಲಕಾ ಎಂಬ ಹುಡುಗಿ ನಮ್ಮ ಹದಿನಾಲ್ಕು ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ತಿರುವಿ ತಿರುವಿ ನೋಡಿದಳು. ಅವ್ವನ ಕೈ ಹಿಡಿದು, "ಯೇ! ಪರ್ಫೆಕ್ಟ್!" ಎಂದಳು.

ಅವ್ವ "ಒಂದ್ ಮಿನಿಟ್ ಬಾಈ" ಎಂದು ಓಡಿದಳು. ನಾಲ್ಕು ಜನ ನೋಡುವ ಕೈ ಎಂದು, ಬೋರ್‌ವೆಲ್ಲಿನ ಹತ್ತಿರ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆದಳು. ಪಕ್ಕದ ಗುಡಿಸಲಿನವಳಿಂದ ಹಸಿರು ಬಳೆ ಕಡ ತಂದು ತೊಟ್ಟಳು. ಅರಿಸಿನವನ್ನೂ ಹಚ್ಚಿಕೊಂಡು ಬಂದಳು. ಅಲಕಾ ತಲೆಯ ಮೇಲೆ ಕೈ ಹೊತ್ತುಕೊಂಡಳು.

"ಅರೇ ಯಾರ್, ಧೋ ಡಾಲಾ ಇಸ್‌ನೇ!" ತೊಳೆದೇಬಿಟ್ಟಳಲ್ಲ ಅಂತ.

ಆಮೇಲೆ ಅವರು ಕಾಫಿ ಪುಡಿ, ಹರಳೆಣ್ಣೆ, ಮಣ್ಣು ಕಲಸಿ ಅವ್ವನ ಕೈಗೆ ಬಳಿದರು. ಹಲ್ಲುಕಡ್ಡಿಯಿಂದ ಉಗುರಿನ ಕೆಳಗೆ ಕಪ್ಪು ತುಂಬಿದರು. ಅವ್ವ ನಕ್ಕಳು. "ರಾಡಿ ಬೇಕಿತ್ತಂದ್ರ ಮೊದಲ ಹೇಳಬಾರದ? ಹುಣಸಿಹಣ್ಣು ಉಳೀತಿತ್ತು."

ಕಾಗದ ನಾಲ್ಕು ಪುಟದ್ದು, ಇಂಗ್ಲಿಷಿನಲ್ಲಿ. ಆಗಷ್ಟೇ ರಾತ್ರಿ ಶಾಲೆಯಿಂದ ಹನ್ನೆರಡನೆಯದು ಪಾಸಾಗಿದ್ದೆ. ಹೆಂಗಸರೆಲ್ಲ ನನ್ನ ಸುತ್ತ ನಿಂತರು, ನಾನು ಓದುತ್ತೇನೆಂದು. ಕೈ ಎಂದಿತ್ತು, ದ್ರಾಕ್ಷಿ ಎಂದಿತ್ತು, ಮುಖ ತೋರಿಸುವುದಿಲ್ಲ ಎಂದಿತ್ತು. ಎರಡನೆಯ ಪುಟದಲ್ಲಿ ಅರ್ಥವಾಗದ ಒಂದು ಸಾಲಿತ್ತು. ಅಲಕಾಳನ್ನು ಕೇಳಬಹುದಿತ್ತು. ಅಷ್ಟು ಜನರ ಎದುರಿಗೆ ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ದ್ರಾಕ್ಷಿಯ ಜಾಹೀರಾತೇ ಇರಬೇಕು ಎಂದುಕೊಂಡೆ.

"ಮುಖ ಬರೂದಿಲ್ಲವ್ವ. ಬರೇ ಕೈ," ಎಂದೆ.

"ಮುಖಾ ಬರೂದಿಲ್ಲಂದ್ರ ಮಾನ ಎಲ್ಲಿ ಹೋಗ್ತದ?" ಎಂದು ಅವ್ವ ಹೆಬ್ಬೆಟ್ಟು ಒತ್ತಿದಳು.

ಚೇಳು ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಮೈಮೇಲಿನ ಹಚ್ಚೆ ಯಾರಿಗೆ ನೆನಪಿರುತ್ತದೆ? ಅವ್ವ ಏಳು ವರ್ಷದವಳಿದ್ದಾಗ ಅಜ್ಜಿ ಹಾಕಿಸಿದ್ದು ಅದು. ಕೊಯ್ದ ಜೋಳದ ಸಿವುಡಿನೊಳಗೆ ಕೈ ಹಾಕುವ ಮಕ್ಕಳಿಗೆ ನಮ್ಮಲ್ಲಿ ಚೇಳು ಬರೆಸುತ್ತಾರೆ. ನಿಜವಾದ ಚೇಳು ಬಂದರೆ, ತನ್ನ ಬಳಗದವಳು ಎಂದು ಕಡಿಯದೆ ಹೋಗುತ್ತದಂತೆ. ಸತ್ತ ಮೇಲೆ ಸಂಗಡ ಬರುವುದೂ ಅದೊಂದೇ ಅಂತೆ.

ಯತಿರಾಜ್ ಮೊದಲು ಮೆತ್ತಗೆ ಮಾತಾಡಿದರು.

"ಶಾಂತಾಬಾಯಿ, ನಿಮ್ಮ ಕೈ ಕ್ಲೀನು ಅಂತ ನನಗೆ ಗೊತ್ತುಂಟು. ನನಗೆ ಗೊತ್ತಿದ್ದು ಎಂತ ಪ್ರಯೋಜನ ಮಾರಾಯ್ರೆ? ತಿನ್ನುವವರಿಗೆ ಗೊತ್ತಾಗ್ಬೇಕಲ್ಲ." ಒಂದು ಡಬ್ಬಿ ಪ್ಲಾಸ್ಟಿಕ್ ಕೈಗವಸು ಇಟ್ಟರು. "ಇದು ಹಾಕ್ಕೊಳ್ಳಿ."

"ಯಣ್ಣಾ, ಇದರಾಗ ರೊಟ್ಟಿ ಹ್ಯಾಂಗ ಬಡೀತಾರ್ರಿ? ಹಿಟ್ಟಿನ ಹದ ಕೈಗಿ ಹೆಂಗ ತಿಳೀಬೇಕು?"

"ಅದೆಲ್ಲ ಅಭ್ಯಾಸ ಆಗ್ತದೆ."

ಅಭ್ಯಾಸವಾಗಲಿಲ್ಲ. ಹಿಟ್ಟು ಪ್ಲಾಸ್ಟಿಕ್ಕಿಗೆ ಮೆತ್ತಿತು, ರೊಟ್ಟಿಯ ಅಂಚು ಹರಿಯಿತು. ನಾಲ್ಕನೇ ದಿನ ಹಂಚಿನ ಮೇಲೆ ನೀರು ಸವರುವಾಗ ಪ್ಲಾಸ್ಟಿಕ್ ಮುದುಡಿ ಅವ್ವನ ತೋರುಬೆರಳಿಗೆ ಅಂಟಿಕೊಂಡಿತು. ಎಳೆದು ತೆಗೆದಾಗ ಚರ್ಮವೂ ಬಂತು. ಪ್ಲಾಸ್ಟಿಕ್ಕಿನ ಚೂರೊಂದು ಯಾರದೋ ತಟ್ಟೆಗೆ ಹೋಯಿತು. ಆ ಮನುಷ್ಯ ಅದನ್ನು ಎತ್ತಿ ಹಿಡಿದು, ಇಡೀ ಹೋಟೆಲಿಗೆ ತೋರಿಸಿದ. ಕೆಳಗೆ ಬಿದ್ದಿದ್ದ ಕೈಗವಸಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. "ಆ ಟಿವಿಯವಳೇ," ಎಂದರು.

ಅವತ್ತು ಸಂಜೆ ನಾನು ಸ್ಟೇಶನ್ ರಸ್ತೆಯ ಸಂಜೆ ಕಾಲೇಜಿಗೆ ಹೋದೆ. ಹೋಗಬಾರದಿತ್ತು ಎಂದು ಆಮೇಲೆ ಅನಿಸಿದೆ. ಹೋಗದಿದ್ದರೂ ಅನಿಸುತ್ತಿತ್ತೇನೋ.

ನೀರಜಾ ಮೇಡಂ ನಮಗೆ ಮಾಧ್ಯಮದ ವಿಷಯ ಕಲಿಸುತ್ತಾರೆ. ಒಳ್ಳೆಯವರು. ಹೊಟ್ಟೆಗೆ ತಿಂದು ಬಂದಿರಾ ಎಂದು ಕೇಳುವ ಟೀಚರು ಅವರೊಬ್ಬರೇ. ಜಾಹೀರಾತೊಂದರ ಸಂಕೇತಗಳನ್ನು ಬಿಡಿಸಿ ಬರೆಯುವುದು ಆ ತಿಂಗಳ ಪಾಠ. ಗೋಡೆಯ ಮೇಲೆ ಬೆಳಕು ಬಿತ್ತು. ಬಿಳಿ ಅಡುಗೆಮನೆ, ಬಿಳಿ ಫ್ರಾಕು. ಎಡಗಡೆಯಿಂದ ಅವ್ವನ ಕೈ ಬಂದು ನಿಂತಿತು. ಮೇಡಂ ಅಲ್ಲಿಯೇ ತಡೆದು ನಿಲ್ಲಿಸಿದರು. ಗೋಡೆಯ ಮೇಲೆ ಅದು ನನಗಿಂತ ದೊಡ್ಡದಿತ್ತು.

"ಇದು ಯಾರು?" ಮರಾಠಿಯಲ್ಲಿ ಕೇಳಿದರು.

"ಕಾಮವಾಲೀ."

"ಗಾವಠೀ ಬಾಈ." ಹಳ್ಳಿಗಾಡಿನ ಹೆಂಗಸು.

"ತೊಳೀದೇ ಇರೋರು!" ಹಿಂದಿನ ಬೆಂಚಿನಿಂದ. ನಗು.

"ನೋಡಿ, ನೀವು ಮುಖ ನೋಡದೆಯೇ ಹೇಳಿದಿರಿ," ಮೇಡಂ ನಗಲಿಲ್ಲ. "ಅದಕ್ಕೇ ಇದು ಅಪಾಯದ ಚಿತ್ರ. ಬಿಳಿ ಎಂದರೆ ಶುದ್ಧ, ಕಪ್ಪು ಎಂದರೆ ಕೊಳಕು. ದುಡಿದ ಕೈಗೆ ರೋಗ, ಉಂಗುರದ ಕೈಗೆ ಮಮತೆ. ಈ ಚೇಳನ್ನು ನೋಡಿ. ವಿಷ! ಎಷ್ಟು ಜಾಣತನದಿಂದ ಬರೆಸಿದ್ದಾರೆ."

ನನ್ನ ಪಕ್ಕದವಳು 'ಚೇಳು = ವಿಷ' ಎಂದು ಬರೆದುಕೊಂಡಳು. ನಾನೂ ಬರೆದುಕೊಂಡೆ. ಪೆನ್ನು ತಾನೇ ಓಡಿತು.

ನಾನು ಕೈ ಎತ್ತಿ ಎದ್ದು ನಿಂತೆ. "ಮೇಡಂ, ಆ ಕೈ… ಅದು ಯಾರದಾದರೂ ಇರಬೇಕಲ್ಲ?"

ಅವರು ಪ್ರೀತಿಯಿಂದಲೇ ಹೇಳಿದರು. "ಇಲ್ಲ ಉಮಾಶ್ರೀ. ಅಲ್ಲೇ ನಾವು ತಪ್ಪುವುದು. ಅದು ಯಾರ ಕೈಯೂ ಅಲ್ಲ. ಅದೊಂದು ಚಿಹ್ನೆ."

ನಾನು ಕುಳಿತೆ.

ಬರೆಯಲು ಎಂಟು ದಿನ ಕೊಟ್ಟಿದ್ದರು. ಬಣ್ಣದ ಬಗ್ಗೆ ಬರೆದೆ. ಮುಖವಿಲ್ಲದ್ದರ ಬಗ್ಗೆ, ಎಡಗಡೆಯಿಂದ ಬರುವುದರ ಬಗ್ಗೆ, ಸೆಕೆಂಡುಗಳ ಬಗ್ಗೆ ಬರೆದೆ. ಕೊನೆಗೆ 'ಈ ಕೈ ನಿಫಾಡಿನಲ್ಲಿ ದ್ರಾಕ್ಷಿಗೆ ಔಷಧ ಒರೆಸುತ್ತಿದ್ದ ಶಾಂತಾಬಾಯಿಯದು' ಎಂದು ಬರೆದು, ಹೊಡೆದು ಹಾಕಿದೆ. ಆ ಪುಟವನ್ನೇ ಹರಿದು ಶುದ್ಧ ಪ್ರತಿ ಮಾಡಿದೆ. ಮೇಡಂ ಇಪ್ಪತ್ತಕ್ಕೆ ಹದಿನೇಳು ಕೊಟ್ಟರು. ಕೆಳಗೆ ಕೆಂಪು ಶಾಯಿಯಲ್ಲಿ, 'ಚೆನ್ನಾಗಿದೆ. ಚೇಳನ್ನು ಏಕೆ ಬಿಟ್ಟೆ?' ಎಂದಿತ್ತು.

ಇತ್ತ ಹೋಟೆಲಿನಲ್ಲಿ ಯತಿರಾಜರ ಮಾತಿನಿಂದ 'ನೀವು' ಹೋಗಿತ್ತು.

"ಆ ಚೇಳು ತೆಗೆಸ್ಲಿಕ್ಕೆ ಆಗುದಿಲ್ವಾ? ಲೇಸರ್ ಅಂತ ಉಂಟು."

"ಇದು ಹ್ವಾದ್ರ ನಮ್ಮವ್ವ ಸ್ವರ್ಗದಾಗ ನನಗ ಹೆಂಗ ಗುರುತು ಹಿಡೀಬೇಕ್ರಿ?"

ಅವರು ನಗಲಿಲ್ಲ. ಗಲ್ಲಾದ ಹಿಂದಿನಿಂದ ಚೇಳಿನತ್ತ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು:

"ಇಷ್ಟು ದಿನ ನಿಂದು ಯಾವ ಜನ ಅಂತ ನಾವು ಕೇಳ್ಲಿಲ್ಲ. ಕೇಳ್ಬೇಕಿತ್ತು."

ಅಡುಗೆಮನೆಯಲ್ಲಿ ದೋಸೆ ಹುಯ್ಯುವವನ ಸೌಟು ನಿಂತಿತು. ಸಾಂಬಾರಿನವನು ಬೆನ್ನು ತಿರುಗಿಸಿದ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

"ಎಂಟು ತಿಂಗಳು ತಿಂದ್ರಲ್ಲ ಯಣ್ಣಾ, ಜಾತಿ ಹಲ್ಲಾಗ ಸಿಕ್ಕಿತ್ತೇನು?"

ಮರುದಿನ ಗಾಜಿನ ಕೋಣೆಯಲ್ಲಿ ರೂಪಾ ನಿಂತಿದ್ದಳು. ಮೊದಲು ಬಾಗಿಲಲ್ಲಿ ಪಾರ್ಸೆಲ್ ಕೊಡುತ್ತಿದ್ದ ಹುಡುಗಿ. ಬೆಳ್ಳಗಿದ್ದಾಳೆ, ಉದ್ದ ಬೆರಳು. ಅವಳಿಗೆ ಕಚ್ಚೆ ಹಾಕಿ ಉಡುವ ನೌವಾರಿ ಸೀರೆ ಉಡಿಸಿ, ಮೂಗಿಗೆ ನತ್ತು ಹಾಕಿಸಿದ್ದರು. ರೊಟ್ಟಿ ಬಡಿಯಲು ಬರುವುದಿಲ್ಲ. ಬರಬೇಕಾಗಿಯೂ ಇರಲಿಲ್ಲ. ಅವಳ ಮುಂದೆ ಒಂದು ಹಿಟ್ಟಿನ ಬಿಲ್ಲೆ ಇಟ್ಟಿದ್ದರು. ಜನ ಬಂದಾಗ ಅದರ ಮೇಲೆ ಅಂಗೈ ಆಡಿಸಬೇಕು.

ನಿಜವಾದ ರೊಟ್ಟಿಗೆ ಅವ್ವನನ್ನು ಪಾತ್ರೆ ತೊಳೆಯುವಲ್ಲಿಗೆ ಹಾಕಿದರು. ಅಲ್ಲಿಗೂ ಗಾಜಿನ ಕೋಣೆಗೂ ನಡುವೆ ಒಂದೇ ಗೋಡೆ. ಅದರಲ್ಲೊಂದು ಚೌಕದ ಕಿಂಡಿ, ಮೇಲಿನಿಂದ ಇಳಿಯುವ ತಗಡಿನ ಶಟರು. ಮೊದಲು ಎಂಜಲು ತಟ್ಟೆಗಳು ಆ ಕಿಂಡಿಯಿಂದ ಒಳಗೆ ಬರುತ್ತಿದ್ದವು. ಈಗ ಅದರಿಂದಲೇ ರೊಟ್ಟಿ ಹೊರಗೆ ಹೋಗಬೇಕು. ಸಪ್ಪಳ ಗೋಡೆಯ ಹಿಂದಿನಿಂದ ಬರುತ್ತಿತ್ತು, ಟಪ ಟಪ ಟಪ. ಗಾಜಿನೆದುರು ನಿಂತವರು ರೂಪಾಳ ಕೈ ನೋಡಿ, "ವಾ! ಕಾಯ್ ಹಾತ್ ಆಹೇ!" ಎನ್ನುತ್ತಿದ್ದರು, ಎಂಥ ಕೈ ಅಂತ.

ಮೊದಲ ದಿನವೇ ರೂಪಾ ಕಿಂಡಿಗೆ ಬಾಗಿ, "ಮಾವಶೀ, ಮಾಝ್ಯಾವರ್ ರಾಗಾವೂ ನಕಾ," ಎಂದಳು. ಸಿಟ್ಟಾಗಬೇಡ ಅಂತ.

"ನಿನ್ನ ಮ್ಯಾಲ ಯಾಕ ಸಿಟ್ಟವ್ವ," ಅವ್ವ ಕನ್ನಡದಲ್ಲೇ ಹೇಳಿದಳು. "ನಿನಗೂ ಕೈ ಅಷ್ಟೇ ಇಟ್ಟಾರ."

ಆ ಭಾನುವಾರ ಯತಿರಾಜರ ಮಗ ದಿಗಂತ್ ಹೋಟೆಲಿನ ಜಾಹೀರಾತು ಮಾಡುವುದಿತ್ತು. ಸುತ್ತು ದೀಪ, ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಫೋನು. ನೇರ ಪ್ರಸಾರ ಮಾಡುತ್ತೇನೆ, ಜನ ಅದನ್ನೇ ನಂಬುತ್ತಾರೆ ಎಂದ. ಹೋಟೆಲು ತುಂಬಿತ್ತು. ಹೊರಗೂ ಸರದಿ. ಯತಿರಾಜ್ ಹಿಂದಕ್ಕೆ ಬಂದು, ಅವ್ವನ ಕೈಗೆ ದೋಸೆ ಮಗುಚುವ ಉದ್ದನೆಯ ಸಟ್ಟುಗ ಕೊಟ್ಟರು.

"ಇದರಿಂದ ರೊಟ್ಟಿ ದೂಡು. ಕೈ ಆಚೆ ಬರ್ಬಾರ್ದು. ಗೊತ್ತಾಯ್ತಾ? ಬಂದ್ರೆ ಇವತ್ತೇ ನಿನ್ನ ಗಂಟುಮೂಟೆ ಕಟ್ಟು. ನಿನ್ನ ಮಗಳದ್ದೂ ಸೇರಿಸಿ."

ಅವರು ಹೋದರು. ಅವ್ವ ಸಟ್ಟುಗವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬದಿಗಿಟ್ಟಳು. ಒಲೆ ಸಣ್ಣ ಮಾಡಿದಳು. ಸಾಂಬಾರಿನ ಡಬ್ಬಿಯಿಂದ ಒಂದು ತುಣುಕು ಹುಣಸೆಹಣ್ಣು ತೆಗೆದುಕೊಂಡು ನಲ್ಲಿಯ ಹತ್ತಿರ ಕುಳಿತು, ಬಲಗೈ ತಿಕ್ಕತೊಡಗಿದಳು. ಬೆರಳ ಸಂದಿ, ಉಗುರು, ಸುಟ್ಟ ಗಾಯದ ಸುತ್ತ, ಮೊಣಕೈವರೆಗೂ. ನಿಫಾಡಿನಲ್ಲಿ ತಿಕ್ಕಿದ ಹಾಗೆಯೇ.

"ಅವ್ವಾ, ಏನ್ ಮಾಡಲತ್ತಿ? ಹೊರಗ ಕರೀಲತ್ತಾರ."

"ಕರೀಲಿ."

"ಅವ್ವಾ, ಕೆಲಸ ಹೋಗ್ತದ."

"ನಿನ್ನ ಕಾಲೇಜಿನಾಗ ಇದು ಯಾರ ಕೈ ಅಂತ ಕೇಳಿದ್ರಂತಲ್ಲ." ನೋಡದೆಯೇ ಹೇಳಿದಳು. ನಾನು ಆ ಮಾತನ್ನು ಅವಳಿಗೆ ಹೇಳಿರಲಿಲ್ಲ. ಹರಿದ ಪುಟವನ್ನು ಒಲೆಗೆ ಹಾಕುವಾಗ ಗೊಣಗಿಕೊಂಡಿದ್ದೆನೇನೋ. "ನೀ ಏನಂದಿ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಗೂಟಕ್ಕೆ ಹಾಕಿದ್ದ ಹೊಸ ಹಸಿರು ಬಳೆ ತೊಟ್ಟಳು.

ಗೋಡೆಯ ಆಚೆ ದಿಗಂತನ ದನಿ ಕೇಳಿತು. "ಅಪ್ಪಾ, ಲೈವ್ ಶುರು ಝಾಲಂ! ಭಾಕರಿ, ಭಾಕರಿ!" ರೂಪಾ ಬಿಲ್ಲೆಯ ಮೇಲೆ ಕೈಯಾಡಿಸುತ್ತಿದ್ದಿರಬೇಕು. ಸಪ್ಪಳ ಇರಲಿಲ್ಲ. ಅಷ್ಟು ದಿನಗಳಲ್ಲಿ ಮೊದಲ ಬಾರಿ ಆ ಹೋಟೆಲಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಇರಲಿಲ್ಲ.

ಅವ್ವ ಕಿಂಡಿಯ ಮುಂದೆ ನಿಂತು, ಬಲಗೈಯನ್ನು ಬಳೆಗಳವರೆಗೂ ಆಚೆ ಹಾಕಿದಳು. ಬರಿಗೈ. ಅಂಗೈ ಕೆಳಗೆ, ಚೇಳು ಮೇಲೆ.

ನಾನು ಸುತ್ತು ಹಾಕಿ ಮುಂದಕ್ಕೆ ಓಡಿದೆ. ಸುತ್ತು ದೀಪದ ಬೆಳಕೆಲ್ಲ ಆ ಕೈಮೇಲೆ ಬಿದ್ದಿತ್ತು. ನೀರು ಇನ್ನೂ ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು. ರೂಪಾ ಒಂದು ಹೆಜ್ಜೆ ಬದಿಗೆ ಸರಿದು, ತನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಳು. ನನಗೆ ತಿಳಿಯದೆ ನಾನು ಎಣಿಸುತ್ತಿದ್ದೆ. ಎರಡು, ಮೂರು, ನಾಲ್ಕು. ಐದು.

"ಕೈ ತೆಗಿ!" ಯತಿರಾಜ್ ಗಾಜಿನ ಕೋಣೆಯೊಳಕ್ಕೆ ನುಗ್ಗಿದರು. "ತೆಗಿ ಅಂದೆ, ಬೇವರ್ಸಿ!"

ಕೈ ಅಲುಗಲಿಲ್ಲ. ಹನ್ನೊಂದು, ಹನ್ನೆರಡು.

"ಬಂದ್ ಕರ್ ರೇ ತೇ!" ಎಂದು ಮಗನಿಗೆ ಕೂಗಿದರು, ಅದನ್ನು ನಿಲ್ಲಿಸು ಅಂತ. ದಿಗಂತ್ ಫೋನಿನತ್ತ ನೋಡುತ್ತಲೇ ಇದ್ದ. "ಅಪ್ಪಾ, ಆಠಶೇ ಲೋಕಂ ಬಘತಾಯತ್," ಎಂದ. ಎಂಟುನೂರು ಜನ ನೋಡುತ್ತಿದ್ದರು. ಅವನ ಬೆರಳು ಮೇಲೆದ್ದು ಅಲ್ಲಿಯೇ ನಿಂತಿತು.

ಯತಿರಾಜ್ ಶಟರಿನ ಹಿಡಿಕೆ ಹಿಡಿದರು. ಹದಿನೆಂಟು. ಎಳೆದರು. ತಗಡಿನ ಅಂಚು ಬಳೆಗಳ ಮೇಲೆ ಕುಳಿತಿತು. ಎರಡು ಬಳೆ ಒಡೆದು ಹಿಟ್ಟಿನ ಬಿಲ್ಲೆಯ ಮೇಲೆ ಬಿದ್ದವು. ಕೈ ಹಿಂದಕ್ಕೆ ಹೋಗಲಿಲ್ಲ.

ಮೂರನೇ ಟೇಬಲ್ಲಿನಿಂದ ಯಾರೋ ಕೂಗಿದರು, ಇನ್ನೂ ನಗುವ ದನಿಯಲ್ಲಿ.

"ಕಿಸಕಾ ಹಾಥ್?"

"ಶಾಂತಾಬಾಯಿದು," ಎಂದೆ. ದನಿ ಹೊರಡಲಿಲ್ಲ. ಮತ್ತೆ ಕೂಗಿದೆ. "ಶಾಂತಾಬಾಯಿದು! ನಮ್ಮವ್ವಂದು!"

ಯಾರೂ ನಗಲಿಲ್ಲ. ಯಾರೂ ಏಳಲೂ ಇಲ್ಲ. ಯತಿರಾಜ್ ಈಗ ಹಿಡಿಕೆಯ ಮೇಲೆ ಎರಡೂ ಕೈ ಇಟ್ಟು ಮೈಭಾರ ಹಾಕಿದ್ದರು. ಶಟರು ಇನ್ನೂ ಅರ್ಧ ಬೆರಳು ಇಳಿಯಿತು. ಅದರ ಕೆಳಗೆ ಚೇಳು ಉಬ್ಬಿ ನೀಲಿಗಟ್ಟಿತು. ಆಗ ಕೈ ತೆರೆಯಿತು. ಅಂಗೈ ಕಿಂಡಿಯ ಕೆಳಗಿನ ಕಟ್ಟೆಯ ಕಲ್ಲನ್ನು ಬಡಿಯಿತು. ಹಿಟ್ಟಿಲ್ಲ, ಏನಿಲ್ಲ, ಬರಿ ಕಲ್ಲು.

ಟಪ. ಟಪ. ಟಪ.

ದೀಪ ಉರಿಯುತ್ತಿತ್ತು. ನಾನು ಎಣಿಸುತ್ತಿದ್ದೆ. ಮೂವತ್ತು ದಾಟಿ ಬಹಳ ಹೊತ್ತಾಗಿತ್ತು.